ಹಾರ್ಲನ್‌ನ ನಲವತ್ತು ತೋಟಾಗಳು

ಮಾರ್ಚಿ ಬಂತೆಂದರೆ ಮೊಂಟಾನಾದ ಹಾರ್ಲನ್ ಅಡುಗೆಮನೆಯ ಮೇಜು ಹಿಡಿದು ಕೂತನೆಂದೇ ಲೆಕ್ಕ. ಮೇ ತಿಂಗಳಲ್ಲಿ ನಮೀಬಿಯಾಕ್ಕೆ ಬೇಟೆಗೆ ಹಾರಬೇಕು. ಅಂಗಡಿಯ ತೋಟಾ ಅವನಿಗೆ ಆಗದು. ತಾನೇ ಮದ್ದು ತೂಗಿ, ಗುಂಡು ಕೂರಿಸಿ, ತೇವ ಇಳಿಯದಂತೆ ಬುಡಕ್ಕೆ ಹೆಂಡತಿ ಇಂಗ್ರಿಡಳ ಉಗುರುಬಣ್ಣ ಬಳಿದ ನಲವತ್ತೇ ಬೇಕು. ಅವನ್ನು ಪ್ಲಾಸ್ಟಿಕ್ ಪೆಟ್ಟಿಗೆಯ ಗೂಡುಗಳಲ್ಲಿ ನಿಲ್ಲಿಸಿ, ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಚೂರು ಸದ್ದು ಬಂದರೂ ಮುಚ್ಚಳ ತೆಗೆದು ಮತ್ತೆ ಸ್ಪಂಜು ತುರುಕುತ್ತಾನೆ. ತೋಟಾಗಳಿಗೆ ವಿಮಾನದವರ ಮಿತಿ ಹನ್ನೊಂದು ಪೌಂಡು. ಇವನದು ಮೂರೂ ದಾಟದು, ಆದರೂ ದಿನಕ್ಕೆರಡು ಸಲ ತೂಗಲೇಬೇಕು. “ಮನೇಲಿ ಮಾಡಿದ್ದನ್ನ ವಿಮಾನಕ್ಕೆ ಬಿಡಲ್ವಂತೆ, ಕೌಂಟರಿನವಳು ಕೇಳಿದ್ರೆ?” ಅನ್ನುತ್ತಾನೆ. “ಜಾಮ್ ಜೊತೆಗೇ ಮಾಡಿದ್ದು ಅನ್ನು,” ಅನ್ನುತ್ತಾಳೆ ಇಂಗ್ರಿಡ್. ತೂಗುತ್ತ ತೂಗುತ್ತಲೇ ಕಣ್ಣು ಅರೆಮುಚ್ಚಿ ನಮೀಬಿಯಾದ ಕೆಂಪು ಮರಳಿನ ಮೇಲೆ ನಡೆದುಬಿಡುತ್ತಾನೆ. ಕೋಡೆತ್ತಿದ ಜಿಂಕೆ ಅಲ್ಲೇ ಉಪ್ಪಿನ ಡಬ್ಬಿಯ ಆಚೆ ನಿಂತಿರುತ್ತದೆ, ಇತ್ತ ಕಾಫಿ ಆರುತ್ತದೆ. ಪ್ರತಿ ವರ್ಷ ಬರಿಗೈಯಲ್ಲಿ ಬರುತ್ತಾನೆ. “ಈ ಸಲ ಎಷ್ಟು ಮೋಡ ಉರುಳಿಸ್ದೆಯಯ್ಯಾ?” ಎಂದು ಗೆಳೆಯರು ಕಿಚಾಯಿಸಿದರೆ, “ಎಲ್ಲಾ ಗುರಿ ತಪ್ತು ಕಣ್ರೋ” ಎಂದು ನಗುತ್ತಾನೆ. ಆದರೆ ಆ ತೋಟಾಗಳ ಬುಡದಲ್ಲಿರುವುದು ಇಂಗ್ರಿಡ್ ಮಗಳ ಮದುವೆಗೆಂದು ತಂದ ಚೆರ್ರಿ ಬಣ್ಣ. ಅದು ಶೀಶೆಯಲ್ಲಿ ಒಣಗಿಹೋಗಿ ಆರು ವರ್ಷವಾಯಿತು. ಒಂದೂ ಸಿಡಿಯದೆ ಅವೇ ನಲವತ್ತು ಹೋಗಿ ಅವೇ ನಲವತ್ತು ಬರುತ್ತಿವೆಯೆಂದು ಅವಳೊಬ್ಬಳಿಗೆ ಗೊತ್ತು. ಈ ಮಾರ್ಚಿಯಲ್ಲೂ ಅವನು ಕೈಚಾಚಿ ಬಣ್ಣ ಕೇಳಿದ. ಅವಳು ಅದೇ ಶೀಶೆ ಕೊಟ್ಟಳು. ಒಣಕುಂಚವನ್ನು ನಲವತ್ತರ ಮೇಲೂ ಜೋಪಾನವಾಗಿ ಆಡಿಸಿ, ಮುಚ್ಚಳ ತಿರುಗಿಸಿ, “ಮುಂದಿನ ವರ್ಷಕ್ಕೂ ಸಾಲುತ್ತೆ ಕಣೇ” ಎಂದ.