ಸೋಡಾ ಕುಡಿದ ಮೇಲೂ ಉಳಿದ ನೆರಳು

ಮೇಡಂ ಅವರ ಬಲಗೈ ಹೆಬ್ಬೆರಳು ನೆಟ್ಟಗಾಗುತ್ತಿರಲಿಲ್ಲ. ವರ್ಷಗಟ್ಟಲೆ ಸ್ಕ್ಯಾನಿಂಗ್ ಮಷೀನಿನ ಹಿಡಿಯನ್ನು, ಅಂದರೆ ಪ್ರೋಬನ್ನು, ರೋಗಿಗಳ ಎದೆಗೆ ಒತ್ತಿ ಹಿಡಿದು, ಬಾಗಿದ ಹಾಗೆಯೇ ಉಳಿದುಬಿಟ್ಟಿತ್ತು. ಚಹದ ಕಪ್ಪನ್ನೂ ಅವರು ಪ್ರೋಬಿನಂತೆಯೇ ಹಿಡಿಯುತ್ತಿದ್ದರು.

ಮಲಾಡಿನ ಆಸ್ಪತ್ರೆಯೊಂದರಲ್ಲಿ ನಾನು ಎಕೋ ಮಾಡಲು, ಎಂದರೆ ಬಡಿಯುತ್ತಿರುವ ಹೃದಯವನ್ನು ಪರದೆಯ ಮೇಲೆ ನೋಡಲು, ಕಲಿತದ್ದು ಅವರ ಕೈಕೆಳಗೆ. ಧಾರವಾಡದವರು. ಅಲ್ಲಿ ಕಲಿಯುವವರಲ್ಲಿ ಕನ್ನಡ ಬಲ್ಲವರು ನಾನು ಮತ್ತು ಮಾಟುಂಗದಲ್ಲಿ ಬೆಳೆದ ನನ್ನ ಸಹಪಾಠಿ ಇಬ್ಬರೇ ಆದ್ದರಿಂದ, ನಮ್ಮನ್ನು ಬೈಯುವುದು ಕನ್ನಡದಲ್ಲೇ. "ಒಂದ ಕಡಿಂದ ಕಂಡ್ರ ಮಷೀನಿನ ಆಟ ಇರಬಹುದು. ಎರಡೂ ಕಡಿಂದ ಕಂಡ್ರ, ಅದ ಅಂತ ತಿಳಿ" ಎನ್ನುತ್ತಿದ್ದರು.

ಒಮ್ಮೆ ದಹಿಸರಿನಲ್ಲಿ ಕಿರಾಣಿ ಅಂಗಡಿಯಿಟ್ಟಿದ್ದ, ಧಾರವಾಡದ ಕಡೆಯ ಹಿರಿಯರೊಬ್ಬರು ಬಂದರು. ಬೇರೆಡೆ ಮಾಡಿಸಿದ ಎಕೋದಲ್ಲಿ ಹೃದಯದ ಎಡ ಮೇಲ್ಕೋಣೆಯಲ್ಲಿ ಗಡ್ಡೆ ಕಂಡಿತ್ತು. ಎದೆ ತೆರೆಯುವ ದಿನವೂ ಗೊತ್ತಾಗಿತ್ತು. ಮೇಡಂ ಬಹಳ ಹೊತ್ತು ನೋಡಿ, ಕ್ಯಾಂಟೀನಿನಿಂದ ಸೋಡಾ ತರಿಸಿದರು.

"ಡಾಕ್ಟರಬಾಯಿ, ನಾ ಆಪರೇಶನ್ನಿಗೆ ಬಂದೇನ್ರಿ, ಸೋಡಾ ಕುಡ್ಯಾಕಲ್ಲ."

"ಕುಡೀರಿ ಕಾಕಾ. ಕುಡದ್ರ ಆಪರೇಶನ್ ತಪ್ಪಬಹುದು."

ಅವರು ಕುಡಿದರು. ಪರದೆಯ ಮೇಲೆ ಆ ಗಡ್ಡೆಯೊಳಗೆ ಬಿಳಿ ಗುಳ್ಳೆಗಳು ತೇಲಿದವು. ಅದು ಗಡ್ಡೆಯಲ್ಲ, ಎದೆಯೊಳಕ್ಕೆ ಜಾರಿ ಹೃದಯವನ್ನು ಹಿಂದಿನಿಂದ ಒತ್ತುತ್ತಿದ್ದ ಹೊಟ್ಟೆಯ ಭಾಗ. ಕಾಕಾ ಲೋಕಲ್ ಹಿಡಿದು ಮನೆಗೆ ಹೋದರು.

ಹೊಸ ಹೆಣ್ಣುಮಕ್ಕಳು ಕಲಿಯಲು ಬಂದಾಗ ಮೇಡಂ ಮೊದಲ ಪಾಠಕ್ಕೆ ತಾವೇ ಎಡಮಗ್ಗುಲಾಗಿ ಮಲಗುತ್ತಿದ್ದರು. "ನಾರ್ಮಲ್ ಅಂದ್ರ ಹೆಂಗಿರ್ತದ, ಅದನ್ನ ಮೊದಲು ನೋಡ್ರಿ." ಹಾಗಾಗಿ ಅವರ ಹೃದಯವನ್ನು ನಾವೆಲ್ಲ ಹೊಸಬರಿಗೆ ತೋರಿಸುತ್ತಿದ್ದೆವು; ನೋಡುತ್ತಿರಲಿಲ್ಲ.

ಒಂದು ವರ್ಷ ಆ ಪಾಠಕ್ಕೆ ಪ್ರೋಬು ನನ್ನ ಕೈಯಲ್ಲಿತ್ತು. ಎಡ ಮೇಲ್ಕೋಣೆಯಲ್ಲಿ ಒಂದು ನೆರಳು ಕಂಡಿತು. ಪ್ರತಿ ಬಡಿತಕ್ಕೂ ಕವಾಟದವರೆಗೆ ಬಂದು ಹಿಂದೆ ಸರಿಯುತ್ತಿತ್ತು.

ಕನ್ನಡಕ ತೆಗೆದಿಟ್ಟಿದ್ದ ಮೇಡಂಗೆ ಪರದೆ ಕಾಣುತ್ತಿರಲಿಲ್ಲ. "ಕೈ ಯಾಕ ನಿಂತೂ?" ಎಂದರು.

"ಒಳಗೆ ಏನೋ ಇದೆ, ಮೇಡಂ."

ಸಹಪಾಠಿ ನಕ್ಕಳು. "ಅರೆ, ಸೆಟಿಂಗ್ ಗಡಬಡ ಮಾಡಿದ್ದಿ ನೀನು. ಮೇಡಂದು ನಾರ್ಮಲ್, ಎಲ್ರಿಗೂ ಗೊತ್ತು."

"ಪಕ್ಕೆಲುಬಿನ ಕೆಳಗಿಂದ ನೋಡು" ಎಂದರು ಮೇಡಂ. ನೋಡಿದೆ. ಅಲ್ಲಿಂದಲೂ ಕಂಡಿತು. ಸಹಪಾಠಿ ಮತ್ತೆ ನಗಲಿಲ್ಲ; ಕ್ಯಾಂಟೀನಿಗೆ ಓಡಿ ಸೋಡಾ ತಂದಳು. ಮೇಡಂ ಎದ್ದು ಕೂತು ಪೂರ್ತಿ ಕುಡಿದು ಮತ್ತೆ ಮಲಗಿದರು.

"ಗುಳ್ಳಿ ಬಂದೂ ಏನು?"

"ಇಲ್ಲ, ಮೇಡಂ."

"ಇನ್ನೊಂದೀಟು ತಡಿ."

ತಡೆದೆವು. ನೆರಳು ಬರುತ್ತಲೂ ಸರಿಯುತ್ತಲೂ ಇತ್ತು. ಗುಳ್ಳೆ ಬರಲಿಲ್ಲ.

ಹೃದಯದಲ್ಲಿ ಗಡ್ಡೆ ಬೆಳೆಯುವುದೇ ಅಪರೂಪ. ಹೆಚ್ಚಿನವು ತೆಗೆದರೆ ಮುಗಿಯಿತು. ಅವರದು ಹಾಗಿರಲಿಲ್ಲ. ಸರ್ಜನ್ ತೆಗೆದು ಪರೀಕ್ಷೆಗೆ ಕಳಿಸಿದ ತುಣುಕು ಕ್ಯಾನ್ಸರ್ ಎಂದು ಬಂತು. ಕೆಲವು ತಿಂಗಳಲ್ಲಿ ಮೆಟ್ಟಿಲು ಹತ್ತುವಾಗ ಅವರು ಉಸಿರಿಗಾಗಿ ನಡುವೆ ನಿಲ್ಲತೊಡಗಿದರು.

ಒಂದು ಮಧ್ಯಾಹ್ನ ನನ್ನನ್ನು ಕರೆದರು. "ನೀನ ನೋಡು. ಉಳಿದವರು ನನ್ನ ಮುಖ ನೋಡಿ ಹೇಳ್ತಾರ."

ಅದು ಮರಳಿ ಬಂದಿತ್ತು, ಮೊದಲಿಗಿಂತ ಅಗಲವಾಗಿ. ಹೇಳಿದೆ, ಎಲ್ಲಿ ಅಂಟಿಕೊಂಡಿದೆ, ಕವಾಟವನ್ನು ಎಷ್ಟು ಮುಚ್ಚುತ್ತಿದೆ ಎಂದು, ಬೇರೆ ರೋಗಿಯ ಬಗ್ಗೆ ಹೇಳುವ ಹಾಗೆ.

"ಎರಡೂ ಕಡಿಂದ?"

"ಹೌದು, ಮೇಡಂ."

"ಚಲೋ ಹೇಳಿದಿ. ಇಂಥಾದ್ದು ನಿಮಗ ಮತ್ತ ನೋಡ್ಲಿಕ್ಕೆ ಸಿಗೂದಿಲ್ಲ. ಆಕೀನ್ನೂ ಕರಿ, ಕಲೀಲಿ."

ಅದು ಅವರ ಕೊನೆಯ ಪಾಠ. ಮಳೆಗಾಲ ಹಿಡಿಯುವ ಮೊದಲೇ ತೀರಿಕೊಂಡರು. ಆ ಪಾಠದ ಮಧ್ಯಾಹ್ನ, ನಾನು ಕರೆದೊಡನೆ ಸಹಪಾಠಿ ಬಂದು ಪ್ರೋಬು ಹಿಡಿದಳು. ಪರದೆ ನೋಡಿದವಳೇ ಅಳತೊಡಗಿದಳು. ಮೇಡಂ ತಿರುಗಿ ನೋಡದೆ ಅವಳ ಮಣಿಕಟ್ಟನ್ನು ಹಿಡಿದು ಸ್ಥಿರಗೊಳಿಸಿದರು.

"ಅಳಬ್ಯಾಡವಾ. ಕೈ ಅಲಗಾಡ್ತದ, ಚಿತ್ರ ಕೆಡ್ತದ."