ಪಕ್ಕದವರ ಕಡೆ ನೋಡಬೇಡಿ

ಶಾಲೆಯ ಚೀಲಕ್ಕೆ ಪುಸ್ತಕ ಹೊರುವುದಲ್ಲದೆ ಇನ್ನೊಂದು ಉದ್ಯೋಗವೂ ಉಂಟೆಂಬುದನ್ನು ನೀವು ಮರೆತಿರಬಹುದು. ಕಿರುಪರೀಕ್ಷೆಯ ದಿನ ಅದು ಬೆಂಚಿನ ನಟ್ಟನಡುವೆ ಎದ್ದು ನಿಂತು ಗೋಡೆಯಾಗುತ್ತದೆ. ನಿನ್ನೆಯವರೆಗೆ ಒಂದೇ ಡಬ್ಬಿಯ ಚಿತ್ರಾನ್ನವನ್ನು ಹಂಚಿ ತಿಂದ ಗೆಳತಿಯರು ಅದರ ಎರಡು ಬದಿಗೆ ಕುಳಿತು, ಪರಿಚಯವೇ ಇಲ್ಲದವರ ಹಾಗೆ ಮುಖ ಬಿಗಿದುಕೊಳ್ಳುತ್ತಾರೆ. ಚಿಂತಾಮಣಿಯಿಂದ ಕೈವಾರಕ್ಕೆ ಹೋಗುವ ದಾರಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನಾನು, ಇಂಥ ಗೋಡೆಗಳನ್ನು ಕಟ್ಟಿಸುವುದರಲ್ಲಿ ಪಳಗಿದ ಮೇಸ್ತ್ರಿ.

ಮಕ್ಕಳೇನು ಕಡಿಮೆಯವರಲ್ಲ, ಬಿಡಿ. ಸ್ಕೇಲಿನ ಬೆನ್ನು, ಜಾಮಿಟ್ರಿ ಬಾಕ್ಸಿನ ಮುಚ್ಚಳ, ವೇಲಿನ ಅಂಚು, ಅಂಗೈ, ಮೊಣಕಾಲು, ಬ್ರಹ್ಮ ಹಣೆಯಲ್ಲಿ ಬರೆದು ಮಿಕ್ಕ ಜಾಗವನ್ನೆಲ್ಲ ಅವರು ತುಂಬಿಕೊಂಡು ಬರುತ್ತಾರೆ. ನಾನೂ ಬಿಡುವವಳಲ್ಲ. ಪ್ರಶ್ನೆಗಳ ಸರದಿ ಬದಲಿಸುತ್ತೇನೆ, ಸದ್ದಾಗದ ಚಪ್ಪಲಿ ಮೆಟ್ಟಿ ಹಿಂದಿನಿಂದ ಬರುತ್ತೇನೆ, ಕಿಟಕಿಯಾಚೆ ಏನನ್ನೋ ನೋಡುತ್ತಿರುವವಳಂತೆ ನಟಿಸಿ ಗಾಜಿನಲ್ಲೇ ಕೊನೆಯ ಬೆಂಚನ್ನು ಕಾಯುತ್ತೇನೆ. ಕಾಪಿ ಹಿಡಿಯುವುದರಲ್ಲಿ ಒಂದು ಬಗೆಯ ಸುಖವಿದೆ. ಅದನ್ನು ಶಿಸ್ತು ಎಂದು ಕರೆದುಕೊಂಡು ನಾವು ಮೇಷ್ಟ್ರುಗಳು ಗೌರವದಿಂದ ಅನುಭವಿಸುತ್ತೇವೆ.

ಈ ವರ್ಷ ಎಂಟನೆಯ ತರಗತಿಗೆ ಮೌನಿಕಾ ಎಂಬ ಹುಡುಗಿ ಬಂದಳು. ಆಂಧ್ರದ ಗಡಿಯಾಚೆಯಿಂದ ಇಲ್ಲಿಯ ಟೊಮೆಟೊ ತೋಟಕ್ಕೆ ದುಡಿಯಲು ಬಂದವರ ಮಗಳು. ಸೇರಿಸಲು ಬಂದ ತಾಯಿ ತೆಲುಗಿನಲ್ಲೇ ಹೇಳಿದ್ದಳು: ಕನ್ನಡ ತಲೆಗೆ ಹತ್ತಿ ಟೆಸ್ಟುಗಳಲ್ಲಿ ಪಾಸಾದರೆ ಸರಿ, ಇಲ್ಲವಾದರೆ ದಸರಾ ರಜೆಗೆ ಅಜ್ಜಿಯ ಊರಿಗೆ ಕಳಿಸಿಬಿಡುತ್ತೇವೆ. ಅಜ್ಜಿಯ ಊರಿನಿಂದ ಹೈಸ್ಕೂಲು ದೂರ. ದೂರದ ಹೈಸ್ಕೂಲೆಂದರೆ ಹೆಣ್ಣುಮಕ್ಕಳ ಪಾಲಿಗೆ ಇಲ್ಲದ ಹೈಸ್ಕೂಲು ಎಂಬುದು ತಾಯಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಅವಳನ್ನು ಚೈತ್ರಾಳ ಪಕ್ಕ ಕೂರಿಸಿದೆ. ಚೈತ್ರಾ ನಮ್ಮೂರ ಹುಡುಗಿ, ಮಾತಿನ ಮಲ್ಲಿ, ಎರಡು ಭಾಷೆಯನ್ನೂ ಒಂದೇ ಉಸಿರಿನಲ್ಲಿ ಆಡುವವಳು.

ಎರಡನೆಯ ಕಿರುಪರೀಕ್ಷೆಯಲ್ಲಿ ಆ ಬೆಂಚಿನಿಂದ ಪಿಸುಮಾತು ಕೇಳಿಸಿತು. ಚೈತ್ರಾ ಚೀಲದ ಗೋಡೆಯ ಮೇಲಿಂದ ಬಗ್ಗಿದ್ದಳು. ನಾನು ಹಿಂದಿನಿಂದ ಹೋಗಿ ಅವಳ ತೋಳು ಹಿಡಿದು ಎಬ್ಬಿಸಿ, ಮುಂದಿನ ಬೆಂಚಿಗೆ ತಂದು ಕೂರಿಸಿ, ಇಡೀ ತರಗತಿಗೆ ಕೇಳುವಂತೆ ಅಂದೆ: “ನೋಡಿ ಬರೆಯೋದಷ್ಟೇ ಅಲ್ಲ ಕಣಮ್ಮ, ಹೇಳಿಕೊಡೋದೂ ಕಳ್ಳತನಾನೇ. ನಿನ್ನಂಥವಳು ಮಾಡೋ ಕೆಲಸಾನ ಇದು?” ಅವಳು ಏನೋ ಹೇಳಹೊರಟಳು. ನಾನು ಕೈಯೆತ್ತಿ ತಡೆದೆ. ಆಮೇಲೆ ತರಗತಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನನಗೆ ನನ್ನ ಮೇಲೇ ಹೆಮ್ಮೆ ಬಂತು.

ಮೌನಿಕಾ ಅಂದು ಪ್ರಶ್ನೆಗಳನ್ನಷ್ಟೇ ದುಂಡಗೆ ಎತ್ತಿ ಬರೆದು, ಉತ್ತರದ ಜಾಗವನ್ನು ಖಾಲಿ ಬಿಟ್ಟಿದ್ದಳು. ಮರುದಿನ ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದವಳನ್ನು ತೆಲುಗಿನಲ್ಲಿ ಕೇಳಿದೆ, ಯಾಕೆ ಬರೆಯಲಿಲ್ಲವೆಂದು. ಏನು ಕೇಳಿದ್ದಾರೋ ಗೊತ್ತಾಗಲಿಲ್ಲ ಮಿಸ್ ಎಂದಳು. ಪಾಠ ಬರುತ್ತದೆ, ಪ್ರಶ್ನೆಯ ದೊಡ್ಡ ಮಾತುಗಳು ಬರುವುದಿಲ್ಲ, ಅದನ್ನು ಯಾವಾಗಲೂ ಚೈತ್ರಾನೇ ಹೇಳುತ್ತಿದ್ದಳು. ಅಂತರ್ಜಲ ಕುಸಿತಕ್ಕೆ ಕಾರಣಗಳನ್ನು ವಿವರಿಸಿ ಎಂಬುದು ನನ್ನ ಪ್ರಶ್ನೆ. “ಬೋರ್‌ಲೋ ನೀಳ್ಳು ಎಂದುಕು ತಗ್ಗಿಪೋಯಿನಾಯಿ ಅಂಟ” ಎಂಬುದು ಚೈತ್ರಾಳ ಪಿಸುಮಾತು. ಬೋರಿನಲ್ಲಿ ನೀರು ಯಾಕೆ ಇಳಿದುಹೋಯಿತು ಅಂತೆ, ಅಷ್ಟೇ. ಅದೊಂದನ್ನು ಕೇಳಿಸಿಕೊಂಡಿದ್ದರೂ ನನ್ನ ಗದರಿಕೆಗೆ ಹೆದರಿ ಬರೆದಿರಲಿಲ್ಲ. ಅದನ್ನೇ ಈಗ ನಾನು ಕೇಳಿದ್ದಕ್ಕೆ ಹುಡುಗಿ ತಟ್ಟೆ ಹಿಡಿದುಕೊಂಡೇ ಹೇಳತೊಡಗಿದಳು: ಕೆರೆಗೆ ನೀರು ಬರುವ ಕಾಲುವೆ ಮುಚ್ಚಿಹೋಗಿರುವುದು, ಒಬ್ಬರ ಪಕ್ಕದಲ್ಲೇ ಇನ್ನೊಬ್ಬರು ಇನ್ನೂ ಆಳಕ್ಕೆ ಕೊರೆಸಿರುವುದು, ಮೋಟರಿನಲ್ಲಿ ಬರೀ ಗಾಳಿ ಬರುವ ಸದ್ದು. ಪಠ್ಯದಲ್ಲಿ ಇರುವುದಕ್ಕಿಂತ ಹೆಚ್ಚಾಗಿಯೇ ಹೇಳಿದಳು.

ಮನೆಯಲ್ಲಿ ನಾನಾಡುವುದು ತೆಲುಗು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವುದೂ ತೆಲುಗಿನಲ್ಲೇ. ತರಗತಿಯ ಬಾಗಿಲಲ್ಲಿ ಮಾತ್ರ ಅದನ್ನು ಚಪ್ಪಲಿಯ ಹಾಗೆ ಕಳಚಿಟ್ಟು ಒಳಗೆ ಹೋಗುವುದು ನನಗೆ ರೂಢಿ. ನನ್ನ ಬಾಯಲ್ಲಿರಬೇಕಾಗಿದ್ದ ಒಂದು ಮಾತನ್ನು ಚೈತ್ರಾ ನನ್ನ ಪರವಾಗಿ ಆಡುತ್ತಿದ್ದಳು, ಅದಕ್ಕೆ ನಾನು ಕಳ್ಳತನವೆಂದು ಹೆಸರಿಟ್ಟಿದ್ದೆ.

ಆದರೂ ತಪ್ಪನ್ನು ಸರಿಪಡಿಸುವುದು ಸುಲಭವೆಂದೇ ಎಣಿಸಿದ್ದೆ. ದಸರಾಕ್ಕೆ ಮುಂಚಿನ ಕಡೆಯ ಟೆಸ್ಟಿನಲ್ಲಿ ಇಬ್ಬರನ್ನೂ ಮತ್ತೆ ಒಂದೇ ಬೆಂಚಿಗೆ ಕರೆದು, ನಡುವಿನ ಚೀಲವನ್ನು ನಾನೇ ಕೆಳಗಿಳಿಸಿ, “ಚೈತ್ರಾ, ಪ್ರಶ್ನೆ ಏನು ಅಂತ ಅವಳಿಗೆ ತೆಲುಗಲ್ಲಿ ಹೇಳಮ್ಮ, ಪರವಾಗಿಲ್ಲ” ಎಂದೆ. ಅವಳು ಮೌನಿಕಾಳತ್ತ ನೋಡಲಿಲ್ಲ. ತನ್ನ ಹಾಳೆಯ ಸುತ್ತ ತೋಳನ್ನು ಇನ್ನಷ್ಟು ಬಳಸಿಕೊಂಡು, “ಬೇಡ ಮಿಸ್, ನಾನು ಹಂಗೆಲ್ಲ ಮಾಡಲ್ಲ” ಅಂದಳು. ಸಿಟ್ಟಿನಿಂದಲ್ಲ, ಸೆಡವಿನಿಂದಲೂ ಅಲ್ಲ. ಕಲಿಸಿದ ಪಾಠವನ್ನು ಒಪ್ಪಿಸುವ ಮಗುವಿನ ವಿನಯದಿಂದ. ಅದು ತಪ್ಪಲ್ಲ, ಅಂದು ತಪ್ಪು ತಿಳಿದದ್ದು ನಾನು ಎಂದು ಎಷ್ಟು ಹೇಳಿದರೂ ತಲೆ ಬಗ್ಗಿಸಿಯೇ ಇದ್ದಳು. ನಾನು ಕಲಿಸಿದ್ದರಲ್ಲಿ ಇದೊಂದನ್ನು ಅವಳು ಎಂದೂ ಮರೆಯಲಾರಳೇನೋ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಡೆಗೆ ನಾನೇ ಬೆಂಚಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದು ಪ್ರಶ್ನೆಯನ್ನೂ ತೆಲುಗಿನಲ್ಲಿ ಹೇಳಿದೆ. ಮೌನಿಕಾ ತಪ್ಪುತಪ್ಪು ಕನ್ನಡದಲ್ಲಿ ಪುಟ ತುಂಬ ಬರೆದಳು, ಪಾಸಾದಳು, ರಜೆ ಮುಗಿದ ಮೇಲೂ ಇಲ್ಲೇ ಉಳಿದಳು. ಸಂತೋಷವೇ. ಆದರೆ ನಾನು ಹಾಗೆ ಪಿಸುಗುಡುತ್ತಿದ್ದಷ್ಟು ಹೊತ್ತೂ ಪಕ್ಕದಲ್ಲಿ ಚೈತ್ರಾ ಪೆನ್ನು ಕೆಳಗಿಟ್ಟು, ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಕೂತಿದ್ದಳು.