ಪರದೆಗೆ ಹಾಕಿದ ನೀಲಿ

ನಮ್ಮವರ ಎಡಗಣ್ಣು ಈಗ ಕಾಣುವುದಿಲ್ಲ. ಬಲಗಣ್ಣಿಗೆ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂಬಷ್ಟು ಕಾಣುತ್ತದೆ, ಯಾರೆಂದು ಕಾಣುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಹೀಗಾಯಿತು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅದು ಸುಳ್ಳಲ್ಲ. ಆದರೆ ಅದರಲ್ಲಿ ನನ್ನ ಪಾಲೂ ಇದೆ, ಅದನ್ನು ಮಾತ್ರ ಕೇಳಿದವರಿಗೆ ಹೇಳುವುದಿಲ್ಲ.

ಹರಿಹರದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ ಇತ್ತು. ಫೋಟೋ ತೆಗೆಯುವುದು ಅವರು, ಲ್ಯಾಪ್‌ಟಾಪಿನಲ್ಲಿ ಆಲ್ಬಮ್ ಜೋಡಿಸುವುದು ನಾನು, ಬಣ್ಣ ತಿದ್ದುವುದು ಮತ್ತೆ ಅವರೇ. ಬಣ್ಣದ ತಂಟೆಗೆ ನನ್ನನ್ನು ಬಿಡುತ್ತಿರಲಿಲ್ಲ. ರೀಲಿನ ಕಾಲದಲ್ಲಿ ದಾವಣಗೆರೆಯ ಒಂದು ಕಲರ್ ಲ್ಯಾಬಿನಲ್ಲಿ ಕೆಲಸ ಮಾಡಿದವರು ಅವರು. ಆಗಷ್ಟೇ ಬಂದ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಳದಿ ಎರಡು ಪಾಯಿಂಟ್ ಕಮ್ಮಿ ಮಾಡಿ ಎಂದರೆ ಅಷ್ಟೇ, ಮಷೀನಿನವರು ಎದುರು ಮಾತಾಡುತ್ತಿರಲಿಲ್ಲವಂತೆ. ಆ ಕಣ್ಣಿನ ಬಗ್ಗೆ ಅವರಿಗೆ ಎಷ್ಟು ಜಂಬವೆಂದರೆ, ನನ್ನ ಬ್ಲೌಸ್ ಪೀಸಿನ ಮ್ಯಾಚಿಂಗ್ ಕೂಡ ಅವರೇ ನೋಡಬೇಕು. ನಾನು ಆರಿಸಿದ್ದನ್ನು ಅಂಗಡಿಯವನ ಎದುರಿಗೇ ಪಕ್ಕಕ್ಕಿಟ್ಟು ಬೇರೊಂದನ್ನು ಎಳೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು ಸೀರೆಯ ಪಕ್ಕದಲ್ಲಿಟ್ಟು ನೋಡಿದರೆ ಅವರು ಎಳೆದದ್ದೇ ಸರಿಯಾಗಿರುತ್ತಿತ್ತು.

ಮೊದಲ ತಕರಾರು ತಂದದ್ದು ಬಾತಿ ಹಳ್ಳಿಯ ಒಬ್ಬ ಹೆಂಗಸು. ಮಗಳ ಮದುವೆ ಆಲ್ಬಮನ್ನು ಕೌಂಟರಿನ ಮೇಲೆ ಬಿಚ್ಚಿ, ಅರಿಶಿಣ ಶಾಸ್ತ್ರದ ಪುಟದ ಮೇಲೆ ಬೆರಳಿಟ್ಟಳು.

"ನಾವು ಹಚ್ಚಿದ್ದು ಅರಿಶಿಣ ಕಣ್ರಿ. ಇಲ್ಲಿ ನೋಡಿದ್ರೆ ಹುಡುಗಿಗೆ ಸುಣ್ಣ ಬಳಿದಂಗೆ ಐತೆ."

ನಿಜವಾಗಿಯೂ ಹಾಗೇ ಇತ್ತು. ಮುಖಗಳೆಲ್ಲ ಚಳಿ ಹತ್ತಿದವರಂತೆ ನೀಲಿಗಟ್ಟಿದ್ದವು. ನಮ್ಮವರು ಲ್ಯಾಬಿನವರನ್ನು ಬೈದರು. ಮುಂದಿನ ಎರಡು ಆಲ್ಬಮ್‌ಗಳೂ ಹಾಗೇ ಬಂದಾಗ ನಾನೇ ದಾವಣಗೆರೆಗೆ ಹೋದೆ. ಈಗ ನಮ್ಮ ಪ್ರಿಂಟ್ ಹಾಕಿಕೊಡುವ ಲ್ಯಾಬಿನ ಭಾಯಿ ಇವರಿಗೆ ಹಳೆಯ ದೋಸ್ತ್, ರೀಲಿನ ಕಾಲದಲ್ಲಿ ಇವರ ಜೊತೆಗೇ ಕೆಲಸ ಮಾಡಿದವರು.

"ಭಾಭಿ, ನಮ್ಮ ಮಷೀನ್ ಸರಿ ಐತ್ರಿ. ನಿಮ್ಮ ಫೈಲೇ ನೀಲಿ ಬರ್ತೈತೆ. ಲ್ಯಾಪ್‌ಟಾಪಿನ ಸ್ಕ್ರೀನ್ ಬಣ್ಣ ತಪ್ಪಿರಬೇಕು. ಈ ಮೀಟ್ರು ತಗೊಂಡ್ಹೋಗ್ರಿ, ಅದೇ ಅಳತೆ ಮಾಡಿ ಸರಿ ಮಾಡ್ತೈತೆ" ಎಂದು, ಮೌಸಿನಷ್ಟು ದೊಡ್ಡದೊಂದು ಕಪ್ಪು ಸಾಧನ ಕೊಟ್ಟರು. ಹೇಗೆ ಹಚ್ಚಬೇಕೆಂದು ಅರ್ಧ ಗಂಟೆ ಕೂಡಿಸಿ ಕಲಿಸಿದರು.

ಮರುದಿನ ಸ್ಟುಡಿಯೋದ ಕಿಟಕಿಗೆ ಪರದೆ ಎಳೆದು ಕೂತೆವು. ಲ್ಯಾಪ್‌ಟಾಪು ಬಿಸಿಯಾಗುವ ತನಕ ಕಾದು, ಸ್ಕ್ರೀನಿನ ಬೆಳಕು ತನ್ನಷ್ಟಕ್ಕೆ ಹೆಚ್ಚುಕಮ್ಮಿಯಾಗುವುದನ್ನೆಲ್ಲ ನಿಲ್ಲಿಸಿ, ಮೀಟರನ್ನು ಸ್ಕ್ರೀನಿನ ನಡುವೆ ಇಳಿಬಿಟ್ಟೆ. ಅದರ ಕೆಳಗೆ ಕೆಂಪು ಬಂತು, ಹಸಿರು ಬಂತು, ನೀಲಿ ಬಂತು, ಆಮೇಲೆ ಬೂದು ಬಣ್ಣದ ಹತ್ತಾರು ಬಗೆ. ನಮ್ಮವರು ಕೈಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಎಲ್ಲ ಮುಗಿದು ಪ್ರೊಫೈಲ್, ಎಂದರೆ ಸ್ಕ್ರೀನಿನ ಬಣ್ಣದ ಹೊಸ ಲೆಕ್ಕ, ಕೂತ ಮೇಲೆ, ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ತೋರಿಸುವ ಗುಂಡಿ ಒತ್ತಿದೆ. ನನ್ನ ಕಣ್ಣಿಗೆ ಕೂದಲೆಳೆಯಷ್ಟೇ ವ್ಯತ್ಯಾಸ ಕಂಡಿತು. ಎಂದರೆ ಸ್ಕ್ರೀನು ಅಷ್ಟೇನೂ ತಪ್ಪಿರಲೇ ಇಲ್ಲ.

"ಏನಿದು, ಹಳದಿ ಆತಲ್ಲ. ತೆಗಿ ಅದನ್ನ" ಎಂದರು.

ಹಳೆಯದನ್ನು ಹಾಕಿದೆ.

"ಇದೂ ಹಳದಿನೇ" ಎಂದರು.

ನನಗೆ ಅವರ ಪಂಚೆ ನೆನಪಾಯಿತು. ಕೆಲವು ತಿಂಗಳಿಂದ ಮನೆಯಲ್ಲಿ ಅವರ ಬಿಳಿ ಪಂಚೆಯದೇ ಜಗಳ ನಡೆದಿತ್ತು. ಪಂಚೆ ಹಳದಿಯಾಗಿದೆ, ನೀಲಿ ಹಾಕುತ್ತೀಯೋ ಇಲ್ಲವೋ ಎಂದು ಗೊಣಗುತ್ತಿದ್ದರು. ಎರಡು ಹನಿ ಹಾಕುವ ಬಕೆಟ್ಟಿಗೆ ನಾನು ನಾಲ್ಕು ಹಾಕಿದೆ, ಆರು ಹಾಕಿದೆ. ಕೊನೆಗೆ ಹಗ್ಗದ ಮೇಲಿನ ಪಂಚೆ ನೋಡಿ ಪಕ್ಕದ ಮನೆಯಾಕೆ, "ಯಾಕ್ರೀ ಅಕ್ಕಾರ, ಯಜಮಾನ್ರನ್ನ ಸಾಲಿಗೆ ಸೇರಿಸೀರೇನು? ಯೂನಿಫಾರಂ ಆಗೈತಲ್ರಿ" ಎಂದು ನಕ್ಕಿದ್ದಳು. ಆ ಪಂಚೆ ಉಟ್ಟು ನಮ್ಮವರು, ಹಾಂ, ಈಗ ಬಿಳಿ ಆತು ಎಂದಿದ್ದರು. ವಯಸ್ಸಾದಂತೆ ಗಂಡಸರಿಗೆ ಕಿರಿಕಿರಿ ಹೆಚ್ಚು ಎಂದುಕೊಂಡು ಸುಮ್ಮನಿದ್ದೆ. ಈಗ ಗೊತ್ತಾಯಿತು, ಹಳದಿ ಇದ್ದದ್ದು ಪಂಚೆಯಲ್ಲೂ ಅಲ್ಲ, ಸ್ಕ್ರೀನಿನಲ್ಲೂ ಅಲ್ಲ.

"ರೀ, ಒಂದ್ಸಲ ಕಣ್ಣು ತೋರಿಸ್ಕೊಂಡು ಬರಾಣ ನಡೀರಿ" ಎಂದೆ.

"ಮೀಟ್ರು ಕೆಟ್ಟಿದ್ರೆ ನನ್ನ ಕಣ್ಣು ಯಾಕ ತೋರಿಸ್ಬೇಕು?"

ಎದ್ದು ಹೋದವರು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಮೂರು ದಿನ ನನ್ನೊಂದಿಗೆ ಮಾತು ಬಿಟ್ಟರು. ಮೂವತ್ತು ವರ್ಷ ಅವರ ಬಳಿ ಇದ್ದ ದೊಡ್ಡಸ್ತಿಕೆ ಎಂದರೆ ಆ ಕಣ್ಣೊಂದೇ. ಅದನ್ನು ನಾನು ಹೇಗೆ ಕಿತ್ತುಕೊಳ್ಳಲಿ ಎಂದು ಮರುಗಿದೆ. ಹೀಗೆ ಬರೆದರೆ ನಾನು ಬಹಳ ಒಳ್ಳೆಯವಳಂತೆ ಕಾಣುತ್ತೇನೆ. ನಿಜವೆಂದರೆ ಆ ಮೂರು ದಿನದ ಮೌನಕ್ಕೆ ನಾನು ಹೆದರಿದ್ದೆ. ಮನೆಯಲ್ಲಿ ಮಾತುಕತೆ ಮೊದಲಿನಂತಾದರೆ ಸಾಕಾಗಿತ್ತು.

ನಾಲ್ಕನೆಯ ದಿನ ಅವರು ನಿಶ್ಚಿತಾರ್ಥದ ಫೋಟೋ ತೆಗೆಯಲು ಕುಕ್ಕುವಾಡಕ್ಕೆ ಹೋದರು. ನಾನು ಮತ್ತೆ ಮೀಟರ್ ಇಳಿಬಿಟ್ಟೆ. ಬಿಳಿ ಎಷ್ಟು ಬಿಳಿಯಾಗಿರಬೇಕು ಎಂದು ಅದು ಮೊದಲೇ ಕೇಳುತ್ತದೆ. ಅದಕ್ಕೆ ಆರೂವರೆ ಸಾವಿರ ಎಂಬ ಅಂಕಿ ಕೊಡಿ ಎಂದು ಭಾಯಿ ಹೇಳಿದ್ದರು. ಆ ಅಂಕಿ ಏರಿದಷ್ಟೂ ಬಿಳಿ ನೀಲಿಯ ಕಡೆಗೆ ವಾಲುತ್ತದೆ. ನಾನು ಏಳು ಸಾವಿರ ಕೊಟ್ಟೆ. ಬಂದ ಪ್ರೊಫೈಲಿಗೆ ಆ ತಿಂಗಳ ಹೆಸರಿಟ್ಟು, ಲ್ಯಾಪ್‌ಟಾಪು ದಿನಾ ಅದನ್ನೇ ಹಿಡಿಯುವಂತೆ ಕೂರಿಸಿದೆ. ಬಟ್ಟೆಗೆ ಹಾಕಿದ ಹಾಗೆ ಲ್ಯಾಪ್‌ಟಾಪಿನ ಪರದೆಗೂ ನೀಲಿ ಹಾಕಿದ್ದೆ, ಅಷ್ಟೇ.

ಸಂಜೆ ಬಂದವರು ಕಾರ್ಡ್ ಹಾಕಿ ಫೋಟೋ ತೆರೆದರು. ಬಹಳ ಹೊತ್ತು ನೋಡಿದರು.

"ಈಗ ಸರಿ ಐತೆ ನೋಡು. ಅವತ್ತು ನೀನು ಏನೋ ತಪ್ಪು ಒತ್ತಿದ್ದಿ."

"ಹೌದ್ರಿ, ತಪ್ಪು ಒತ್ತಿದ್ದೆ" ಎಂದೆ.

ಅಂದಿನಿಂದ ಆಲ್ಬಮ್‌ಗಳು ಸರಿಯಾಗಿ ಬಂದವು. ಅವರು ಫೋಟೋಕ್ಕೆ ಸುರಿಯುತ್ತಿದ್ದ ನೀಲಿ ಈಗ ಸ್ಕ್ರೀನಿನಲ್ಲೇ ಇದ್ದುದರಿಂದ ಫೈಲಿಗೆ ಕೈ ಹಚ್ಚುತ್ತಿರಲಿಲ್ಲ. ಭಾಯಿ ಫೋನ್ ಮಾಡಿ, "ಏನು ಮಾಡಿದ್ರಿ ಭಾಭಿ, ಬಣ್ಣ ಏಕದಂ ಕರೆಕ್ಟ್" ಎಂದರು. ಮೀಟರ್ ಇನ್ನಷ್ಟು ದಿನ ನಮ್ಮಲ್ಲಿರಲಿ ಎಂದು ಕೇಳಿಕೊಂಡೆ. ಯಾಕೆಂದು ಅವರು ಕೇಳಲಿಲ್ಲ. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಗಂಡನ ಮಾನವೂ ಉಳಿಯಿತು, ಗಿರಾಕಿಗಳೂ ಉಳಿದರು ಎಂದು ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಎರಡು ತಿಂಗಳಿಗೆ ಮತ್ತೆ ಹಳದಿ ಎಂದು ಶುರು ಮಾಡಿದರು. ಏಳೂವರೆ ಸಾವಿರ ಮಾಡಿದೆ. ಆಮೇಲೆ ಎಂಟು. ಆಮೇಲೆ ಇನ್ನೂ ಮೇಲೆ. ಪ್ರತಿ ಸಲವೂ ಅವರು ಹೊರಗೆ ಹೋಗುವುದನ್ನೇ ಕಾಯುತ್ತಿದ್ದೆ. ಒಮ್ಮೆ ಅಪ್‌ಡೇಟ್ ಆಗಿ ಪ್ರೊಫೈಲ್ ಬಿದ್ದುಹೋಯಿತು. ಬೆಳಿಗ್ಗೆ ಬಂದು ಕೂತವರು, "ಯಾರರ ಅರಿಶಿಣದ ನೀರು ಚೆಲ್ಲೀರೇನು ಇದರ ಮ್ಯಾಲೆ" ಎಂದರು. ಚಹಾ ಹೇಳಿಬರಲು ಕಳಿಸಿ, ಅವರು ಬರುವುದರೊಳಗೆ ಮತ್ತೆ ಹಾಕಿದೆ. ಹೆಂಡಂದಿರು ಗಂಡನಿಗೆ ಗೊತ್ತಾಗದಂತೆ ಚಿನ್ನ ಮಾಡಿಸಿಕೊಳ್ಳುತ್ತಾರೆ, ನಾನು ಇಂಥದ್ದನ್ನು ಮಾಡಿಕೊಂಡು ಕೂತಿದ್ದೆ. ಅವರು ಲೋಟದ ಹೊರಗೆ ನೀರು ಬಗ್ಗಿಸುವುದನ್ನೂ, ಹೊಸ್ತಿಲಿಗೆ ಕಾಲು ತಾಗಿಸಿಕೊಳ್ಳುವುದನ್ನೂ ನೋಡುತ್ತಿದ್ದೆ. ನೋಡಿಯೂ ಅದಕ್ಕೂ ಇದಕ್ಕೂ ಗಂಟು ಹಾಕಲಿಲ್ಲ. ಹಾಕಲು ಮನಸ್ಸಿರಲಿಲ್ಲ ಎನ್ನುವುದೇ ಸರಿ.

ಒಂದು ಬೆಳಿಗ್ಗೆ ಎಡಗಣ್ಣಿನಲ್ಲಿ ಕರಿ ನೂಲು ಇಳಿಬಿದ್ದಂತೆ ಕಾಣುತ್ತಿದೆ ಎಂದರು. ಮಧ್ಯಾಹ್ನದೊಳಗೆ ಆ ನೂಲುಗಳೆಲ್ಲ ಕೂಡಿ ಕಣ್ಣಿಗೆ ಕತ್ತಲೆ ಕವಿಯಿತು. ದಾವಣಗೆರೆಗೆ ಕರೆದುಕೊಂಡು ಓಡಿದೆ. ಕಣ್ಣಿನ ಡಾಕ್ಟರು ಔಷಧಿ ಬಿಟ್ಟು, ಬೆಳಕು ಹಾಕಿ, ಬಹಳ ಹೊತ್ತು ನೋಡಿದರು.

"ಪೊರೆ ಬೆಳೆದಿದೆ, ಅದು ದೊಡ್ಡ ವಿಷಯ ಅಲ್ಲ. ಅದರ ಹಿಂದೆ ಸಕ್ಕರೆಯಿಂದ ರಕ್ತನಾಳಗಳು ಸೋರಿ ಒಳಗೆ ರಕ್ತ ತುಂಬಿದೆ. ಇದು ಇವತ್ತಿಂದಲ್ಲ" ಎಂದರು. "ಬಿಳಿ ಎಲ್ಲ ಹಳದಿಯಾಗಿ ಕಾಣೋದು ಯಾವಾಗಿಂದ ಇತ್ತು?"

"ಹಂಗೇನೂ ಇಲ್ರಿ ಡಾಕ್ಟ್ರೇ. ನಾನು ಬಣ್ಣದ ಕೆಲಸನೇ ಮಾಡೋನು. ಎಲ್ಲ ಸರಿನೇ ಇತ್ತು."

ಯಾವಾಗಿನಿಂದ ಎಂದು ನನಗೆ ತಿಂಗಳ ಲೆಕ್ಕದಲ್ಲಿ ಗೊತ್ತಿತ್ತು. ಒಂದೊಂದು ತಿಂಗಳ ಹೆಸರಿನಲ್ಲಿ ಐದು ಪ್ರೊಫೈಲ್‌ಗಳು ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಕೂತಿದ್ದವು. ಪೊರೆ ಶುರುವಾದಾಗಲೇ ಬಂದಿದ್ದರೆ ಅದರ ಹಿಂದಿನ ಸೋರಿಕೆಯೂ ಆಗಲೇ ಕಾಣುತ್ತಿತ್ತು, ಲೇಸರ್ ಮಾಡಿ ತಡೆಯಬಹುದಿತ್ತು ಎಂದು ಡಾಕ್ಟರು ಇಬ್ಬರಿಗೂ ಕೇಳುವಂತೆ ಹೇಳಿದರು. ಆಮೇಲೆ ಲೇಸರ್ ಆಯಿತು, ಇಂಜೆಕ್ಷನ್ ಆದವು, ಪೊರೆಯನ್ನೂ ತೆಗೆದರು. ಎಡಗಣ್ಣು ಬರಲಿಲ್ಲ, ಬಲಗಣ್ಣು ಅಷ್ಟಕ್ಕೇ ನಿಂತಿತು.

ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ದಿನ, ಹರಿಹರಕ್ಕೆ ಬರುವ ಬಸ್ಸಿನಲ್ಲಿ ಅವರಿಗೆ ಎಲ್ಲ ಹೇಳಿದೆ. ಮೀಟರ್ ಸರಿ ಇತ್ತು ಎಂದೆ. ಅವರಿಲ್ಲದಾಗ ಮಾಡಿದ್ದು, ಏರಿಸಿದ ಅಂಕಿ, ಒಂದೂ ಬಿಡಲಿಲ್ಲ. ಬೈಯಲಿ, ಬಸ್ಸಿನಲ್ಲಿ ಎಲ್ಲರ ಎದುರಿಗೇ ಬೈಯಲಿ ಎಂದು ಕೂತಿದ್ದೆ. ಅವರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೊನೆಯ ತನಕ ಕೇಳಿದರು.

"ನನಗೂ ಅನುಮಾನ ಬಂದಿತ್ತು" ಎಂದರು. "ನೀನು ಕಣ್ಣು ಅಂದಾಗ ಸಿಟ್ಟು ಬಂದಿದ್ದೇ ಅದಕ್ಕ. ಕುಕ್ಕುವಾಡಕ್ಕೆ ಹೋದೆ ನೋಡು, ಅವತ್ತು ಅಲ್ಲಿ ಹುಡುಗಿ ಉಟ್ಟ ಸೀರೆ ಯಾವ ಬಣ್ಣ ಅಂತ ಗೊತ್ತಾಗ್ಲಿಲ್ಲ. ಸೋಮವಾರ ನಿನ್ನ ಕರ್ಕೊಂಡು ಡಾಕ್ಟ್ರ ಹತ್ರ ಹೋಗಾಣ ಅಂತ ದಾರಿಯಾಗೆ ಗಟ್ಟಿ ಮಾಡ್ಕೊಂಡು ಬಂದೆ. ಸಂಜಿಗೆ ಬಂದು ಲ್ಯಾಪ್‌ಟಾಪ್ ಮುಂದೆ ಕೂತರೆ ಬಿಳಿ ಬಿಳಿನೇ ಕಾಣ್ತು. ಕಣ್ಣು ಸರಿ ಐತೆ ಅಂತ ಬಿಟ್ಟುಬಿಟ್ಟೆ."